ಬೇರು ಹುಳು ಸೆಪ್ಟೆಂಬರಿನ ಸುದ್ದಿಯಲ್ಲ, ಮೇ ತಿಂಗಳ ಸುದ್ದಿ

ಪ್ರತಿ ವರ್ಷ ಗೌರಿ ಹಬ್ಬದ ಆಸುಪಾಸಿನಲ್ಲಿ ನಮ್ಮ ಫೋನಿಗೆ ಒಂದೇ ಥರದ ಫೋಟೊ ಬರಲು ಶುರುವಾಗುತ್ತದೆ. ಅಂಗೈ ಮೇಲೆ ನಾಲ್ಕೈದು ದಪ್ಪ ಬಿಳಿ ಹುಳು. ಹಿಂದುಗಡೆ ಬಾಡಿ ನಿಂತ ಮುಸುಕಿನ ಜೋಳದ ಹೊಲ. ಕೆಳಗೆ ಒಂದು ಸಾಲು: "ಸಾರ್, ಪೇಪರ್‌ಗೆ ಹಾಕ್ಸಿ."

ನಾವು ಹಾಕಿಸುತ್ತೇವೆ. "ಬಿಳಿ ಹುಳು ಬಾಧೆ: ಕಂಗಾಲಾದ ರೈತ" ಎಂದು ತಲೆಬರಹ ಕೊಡುತ್ತೇವೆ. ಅಧಿಕಾರಿಯೊಬ್ಬರಿಗೆ ಫೋನ್ ಮಾಡಿ ಎರಡು ಸಾಲು ಕೇಳುತ್ತೇವೆ. ಪರಿಹಾರ ಕೊಡಬೇಕು ಎಂದು ಕೊನೆಯಲ್ಲಿ ಒತ್ತಾಯಿಸುತ್ತೇವೆ. ಸುದ್ದಿ ಬಂದ ದಿನ ಊರವರು ಅದನ್ನು ಸ್ಟೇಟಸ್‌ಗೆ ಹಾಕಿಕೊಳ್ಳುತ್ತಾರೆ. ಮುಂದಿನ ವರ್ಷ ಅದೇ ಹೊಲ, ಅದೇ ಹುಳು, ಅದೇ ತಲೆಬರಹ.

ಹತ್ತು ವರ್ಷ ಈ ಸುದ್ದಿ ಬರೆದ ಮೇಲೆ ನಾವು ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ನಾವು ಬರೆದಿದ್ದು ಸುಳ್ಳಲ್ಲ. ಆದರೆ ಬರೆದ ಕಾಲ ತಪ್ಪು. ಸೆಪ್ಟೆಂಬರಿನಲ್ಲಿ ಅಂಗೈ ಮೇಲೆ ಕಾಣುವ ಆ ಹುಳುವಿನ ಕತೆ ಮೇ ತಿಂಗಳ ಎರಡು-ಮೂರು ವಾರದಲ್ಲೇ ತೀರ್ಮಾನವಾಗಿರುತ್ತದೆ. ಅದೂ ನಮ್ಮ ಕಣ್ಣೆದುರೇ, ನಮ್ಮೂರ ಬೇವಿನ ಮರದಲ್ಲಿ, ಬೀದಿ ದೀಪದ ಕೆಳಗೆ. ಆಗ ಯಾರೂ ಫೋಟೊ ಕಳಿಸುವುದಿಲ್ಲ. ನಾವೂ ಬರೆಯುವುದಿಲ್ಲ. ಇಲಾಖೆಯೂ ಬರುವುದಿಲ್ಲ, ಪಂಚಾಯಿತಿಯೂ ಏಳುವುದಿಲ್ಲ. ಎಲ್ಲರೂ ಏಳುವ ಹೊತ್ತಿಗೆ ಮಾಡಲು ಉಳಿದಿರುವುದು ಒಂದೇ: ಅಂಗಡಿಗೆ ಹೋಗಿ ಹರಳು ವಿಷದ ಚೀಲ ತರುವುದು.

ಈ ಸರದಿಯನ್ನು ಮುರಿಯಬೇಕು ಎನ್ನುವುದೇ ಈ ಬರಹದ ಜಗಳ.

ಮೊದಲ ಮಳೆಯ ರಾತ್ರಿ ಬರುವವನು

ಅಜ್ಜೀಪುರದ ಕಡೆಯವರಿಗೆ ಈ ದೃಶ್ಯ ಹೊಸದಲ್ಲ. ಭರಣಿಯೋ ಕೃತ್ತಿಕೆಯೋ, ನೆಲ ಚೆನ್ನಾಗಿ ನೆನೆಯುವಂಥ ಒಂದು ಮಳೆ ಬೀಳುತ್ತದೆ. ಮಾರನೆಯ ಸಂಜೆ ಏಳು, ಏಳೂವರೆ ಹೊತ್ತಿಗೆ ಗುಂಯ್ ಎನ್ನುವ ಸದ್ದು. ಕಂದು ಬಣ್ಣದ ದುಂಬಿಗಳು ಮಣ್ಣಿನಿಂದ ಎದ್ದು ಬರುತ್ತವೆ. ಬಲ್ಬಿಗೆ ಬಡಿಯುತ್ತವೆ, ಊಟದ ತಟ್ಟೆಗೆ ಬೀಳುತ್ತವೆ, ಮಕ್ಕಳು ದಾರ ಕಟ್ಟಿ ಹಾರಿಸುತ್ತಾರೆ. ನಾವೂ ಹಾರಿಸಿದ್ದೇವೆ. "ಮಳೆ ಹುಳ" ಎಂದು ಕರೆದು ಸುಮ್ಮನಾಗುತ್ತೇವೆ.

ಅದೇ ಬೇರು ಹುಳುವಿನ ತಾಯಿ.

ತೆಂಕಣ ಕರ್ನಾಟಕದ ಬಯಲು ಸೀಮೆಯ ಹೊಲಗಳಲ್ಲಿ ಹೆಚ್ಚು ಕಾಡುವ ಜಾತಿಯನ್ನು ವಿಜ್ಞಾನಿಗಳು ಹೋಲೊಟ್ರೈಕಿಯ ಸೆರೇಟ ಎನ್ನುತ್ತಾರೆ. ಇದಕ್ಕೆ ಮೊದಲು ಹೆಸರಿಟ್ಟವನು ಡೆನ್ಮಾರ್ಕಿನ ಫೆಬ್ರಿಸಿಯಸ್, ಹದಿನೆಂಟನೆಯ ಶತಮಾನದಲ್ಲಿ. ಸೆರೇಟ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಗರಗಸದ ಹಲ್ಲಿನಂಥದ್ದು. ಇಲಾಖೆಯ ಕರಪತ್ರದಲ್ಲಿ ಇದರ ಮರಿಗೆ ಗೊಣ್ಣೆ ಹುಳು ಎಂದಿರುತ್ತದೆ. ಅಡಿಕೆ ಸೀಮೆಯವರು ಇದರ ದಾಯಾದಿಗಳನ್ನು ಬೇರು ಹುಳು ಎನ್ನುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಸುಮ್ಮನೆ "ಗೊಬ್ಬರದ ಹುಳ" ಎಂದುಬಿಡುತ್ತಾರೆ. ಆ ಹೆಸರಿನಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಅದನ್ನು ಮುಂದೆ ಹೇಳುತ್ತೇವೆ.

ದುಂಬಿಯನ್ನು ಗುರುತಿಸುವುದು ಕಷ್ಟವಲ್ಲ. ಉದ್ದ ಸುಮಾರು ಎರಡು ಸೆಂಟಿಮೀಟರ್. ಕಂದು ಅಥವಾ ಕೆಂಪು ಮಿಶ್ರಿತ ಕಡುಗಂದು ಬಣ್ಣ. ತಲೆ ಮೇಲೆ ಕೊಂಬಿಲ್ಲ. ಮೀಸೆಯ ತುದಿಯಲ್ಲಿ ಪುಟ್ಟ ಬೀಸಣಿಗೆಯಂತೆ ಬಿಚ್ಚುವ ಎಸಳುಗಳಿವೆ. ಫೋನಿನ ಕ್ಯಾಮೆರಾ ಹತ್ತಿರ ಹಿಡಿದರೆ ಕಾಣುತ್ತದೆ. ಕಾಲಿನಲ್ಲಿ ಮುಳ್ಳಿರುವುದರಿಂದ ಕೈಗೆ ಚುರುಗುಟ್ಟುತ್ತದೆ. ಕಚ್ಚುವುದಿಲ್ಲ, ವಿಷವೂ ಇಲ್ಲ.

ಎದ್ದು ಬಂದ ದುಂಬಿ ಹತ್ತಿರದ ಮರಕ್ಕೆ ಹೋಗುತ್ತದೆ. ಬೇವು ಅದಕ್ಕೆ ಬಲು ಇಷ್ಟ. ಜಾಲಿ, ಎಲಚಿಯೂ ಆಗುತ್ತದೆ. ಅಲ್ಲೇ ಜೊತೆಗೂಡುತ್ತದೆ, ರಾತ್ರಿಯೆಲ್ಲ ಎಲೆ ತಿನ್ನುತ್ತದೆ, ಬೆಳಕು ಹರಿಯುವ ಮುಂಚೆ ಮತ್ತೆ ಮಣ್ಣಿಗಿಳಿದು ಅಡಗುತ್ತದೆ. ಬೆಳಿಗ್ಗೆ ನಾವು ನೋಡುವುದು ತೂತು ಬಿದ್ದ ಬೇವಿನ ಎಲೆ ಮಾತ್ರ. ಮೊದಲ ಮಳೆಯಾದ ಎರಡು ವಾರದಲ್ಲಿ ನಿಮ್ಮ ಬೀದಿಯ ಬೇವು ಜರಡಿಯಂತಾದರೆ, ಅದು ಆಗಸ್ಟಿನಲ್ಲಿ ಬರಲಿರುವ ಆಪತ್ತಿನ ಮುಂಗಡ ಪತ್ರ. ಆ ಪತ್ರವನ್ನು ನಾವು ಓದುತ್ತಿಲ್ಲ.

ನೆಲದೊಳಗಿನ ಪಂಚಾಂಗ

ಜೊತೆಗೂಡಿದ ಕೆಲವು ದಿನಕ್ಕೆ ಹೆಣ್ಣು ದುಂಬಿ ಹೊಲದ ಸಡಿಲ ಮಣ್ಣಿನಲ್ಲಿ, ಗೇಣುದ್ದ ಆಳದೊಳಗೆ, ಮುತ್ತಿನಂಥ ಬಿಳಿ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಒಂದು ಹೆಣ್ಣು ಹತ್ತಾರು ಮೊಟ್ಟೆ ಇಡಬಲ್ಲದು. ಸುಮಾರು ಹತ್ತು ದಿನಕ್ಕೆ ಮರಿ ಹೊರಬರುತ್ತದೆ.

ಜೂನ್, ಜುಲೈ ತಿಂಗಳಲ್ಲಿ ಮರಿ ಸಣ್ಣದು. ಕೊಳೆತ ಕಸ, ಎಳೆ ಬೇರು ತಿಂದು ಬೆಳೆಯುತ್ತದೆ. ಆಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು ಸಲ ಪೊರೆ ಬಿಟ್ಟು ಮೂರನೆಯ ಹಂತಕ್ಕೆ ಬರುವ ಹೊತ್ತಿಗೆ ಆಗಸ್ಟ್ ಆಗಿರುತ್ತದೆ. ಆಗ ಅದು ಹೆಬ್ಬೆರಳು ಗಾತ್ರ, ಹೊಟ್ಟೆಬಾಕ. ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಮುಸುಕಿನ ಜೋಳ, ರಾಗಿ, ಕಡಲೆಕಾಯಿ, ಕಬ್ಬು, ಅರಿಶಿನ, ಯಾವುದರ ಬೇರಾದರೂ ಸರಿ. ಕಬ್ಬಿನ ಕೂಳೆ ಹಿಡಿದೆಳೆದರೆ ಬುಡ ಸಮೇತ ಕೈಗೆ ಬರುವುದು ಆಗಲೇ.

ಅಕ್ಟೋಬರ್, ನವೆಂಬರ್ ಹೊತ್ತಿಗೆ ಹುಳು ಆಳಕ್ಕಿಳಿದು ಮಣ್ಣಿನಲ್ಲೇ ಒಂದು ಗೂಡು ಮಾಡಿಕೊಂಡು ಕೋಶವಾಗುತ್ತದೆ. ಕೆಲವು ವಾರದಲ್ಲಿ ಕೋಶದಿಂದ ದುಂಬಿ ಆಗುತ್ತದೆ. ಆದರೆ ಹೊರಗೆ ಬರುವುದಿಲ್ಲ. ಚಳಿಗಾಲ, ಬೇಸಿಗೆ ಪೂರ್ತಿ ಅಲ್ಲೇ ಮಲಗಿ ಮಳೆಗೆ ಕಾಯುತ್ತದೆ. ಅಂದರೆ ಮೇ ತಿಂಗಳಲ್ಲಿ ಬಲ್ಬಿಗೆ ಬಡಿಯುವ ದುಂಬಿ ಯಾವುದೋ ದೇಶದಿಂದ ಹಾರಿ ಬಂದದ್ದಲ್ಲ. ಹೋದ ವರ್ಷ ನಿಮ್ಮ ಜೋಳದ ಬೇರು ತಿಂದು, ನಿಮ್ಮ ಹೊಲದಲ್ಲೇ ಮಲಗಿ ಎದ್ದು ಬಂದದ್ದು.

ವರ್ಷಕ್ಕೆ ಒಂದೇ ತಲೆಮಾರು. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಸೊಳ್ಳೆಯಂತೆ ವಾರ ವಾರ ಹುಟ್ಟುವ ಪ್ರಾಣಿ ಇದಲ್ಲ. ಇಡೀ ವರ್ಷದಲ್ಲಿ ಅದು ನಮ್ಮ ಕೈಗೆ ಸಿಗುವುದು ಕೆಲವೇ ರಾತ್ರಿ. ಆ ರಾತ್ರಿಗಳನ್ನು ಬಿಟ್ಟರೆ ಮುಂದಿನ ಹನ್ನೊಂದು ತಿಂಗಳು ಅದು ನೆಲದೊಳಗೆ, ನಾವು ನೆಲದ ಮೇಲೆ.

ಸಣ್ಣ ಲೆಕ್ಕ ಹಾಕೋಣ. ಒಂದು ಬೇವಿನ ಮರದಿಂದ ಐವತ್ತು ಹೆಣ್ಣು ದುಂಬಿ ಹಿಡಿದಿರಿ ಎನ್ನಿ. ಒಂದೊಂದು ಇಪ್ಪತ್ತೇ ಮೊಟ್ಟೆ ಇಡುತ್ತದೆ ಎಂದು ಕಡಿಮೆ ಹಿಡಿದರೂ ಸಾವಿರ ಹುಳು ಹುಟ್ಟುವ ಮೊದಲೇ ಹೋದಂತಾಯಿತು. ಅದೇ ಸಾವಿರ ಹುಳುವನ್ನು ಸೆಪ್ಟೆಂಬರಿನಲ್ಲಿ ಮಣ್ಣಿನಿಂದ ಹುಡುಕಿ ಕೊಲ್ಲಲು ಎಷ್ಟು ಆಳು ಬೇಕು, ಎಷ್ಟು ದುಡ್ಡು ಬೇಕು? ನೀವೇ ಹೇಳಿ.

ಬಿಳಿ ಹುಳುವೆಲ್ಲ ಶತ್ರುವಲ್ಲ

ಈಗ ನಮ್ಮದೊಂದು ತಪ್ಪು ಹೇಳಬೇಕು. ಕೆಲವು ವರ್ಷದ ಹಿಂದೆ ನಾವು ಕಳಿಸಿದ ಬೇರು ಹುಳುವಿನ ಸುದ್ದಿಗೆ ತಿಪ್ಪೆಯಲ್ಲಿ ತೆಗೆದ ಹುಳುವಿನ ಫೋಟೊ ಲಗತ್ತಿಸಿದ್ದೆವು. ಅದು ಅಚ್ಚಾಯಿತು. ಕೃಷಿ ಓದಿದ ಹುಡುಗನೊಬ್ಬ ಫೋನ್ ಮಾಡಿ, "ಅಣ್ಣ, ಅದು ತೆಂಗಿಗೆ ಬೀಳೋ ಕೊಂಬಿನ ದುಂಬಿ ಮರಿ ಕಣಣ್ಣ" ಎಂದ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಭಯವಾಯಿತು. ಆ ಫೋಟೊ ನೋಡಿ ಎಷ್ಟು ಜನ ತಮ್ಮ ತಿಪ್ಪೆಗೆ ವಿಷ ಸುರಿದರೋ!

ಆದ್ದರಿಂದ ಇದನ್ನು ಸರಿಯಾಗಿ ತಿಳಿಯಿರಿ. ತಿಪ್ಪೆ ಕೆದಕಿದಾಗ ಸಿಗುವ, ಇಂಗ್ಲಿಷಿನ ಸಿ ಅಕ್ಷರದಂತೆ ಮಡಿಚಿಕೊಳ್ಳುವ ಬಿಳಿ ಹುಳುಗಳಲ್ಲಿ ಹಲವು ಬಗೆ.

ಒಂದು, ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿ. ಇದು ತುಂಬ ದೊಡ್ಡದು. ತಿಪ್ಪೆ, ಕೊಳೆತ ತೆಂಗಿನ ಬೊಡ್ಡೆಯಲ್ಲಿ ಬೆಳೆಯುತ್ತದೆ. ತೆಂಗಿಗೆ ಶತ್ರು, ನಿಮ್ಮ ರಾಗಿಗೆ ಅಲ್ಲ.

ಎರಡು, ಹೂವಿನ ದುಂಬಿಗಳ ಮರಿ. ಇದನ್ನು ಪತ್ತೆ ಮಾಡಲು ಸುಲಭದ ಪರೀಕ್ಷೆ ಇದೆ. ಹುಳುವನ್ನು ಸಪಾಟಾದ ನೆಲದ ಮೇಲೆ ಬಿಡಿ. ಅಂಗಾತ ಮಲಗಿ, ಕಾಲು ಮೇಲೆ ಮಾಡಿ, ಬೆನ್ನಿನ ಮೇಲೇ ತೆವಳಿದರೆ ಅದು ಹೂದುಂಬಿಯ ಮರಿ. ಕಸ ತಿಂದು ಗೊಬ್ಬರ ಮಾಡುವ ಕೆಲಸಗಾರ. ಬಿಟ್ಟುಬಿಡಿ.

ಮೂರು, ನಮ್ಮ ಬೇರು ಹುಳು. ಕಂದು ತಲೆ, ಮೂರು ಜೊತೆ ಕಾಲು, ಮೈ ಬಿಳಿ, ಹಿಂಭಾಗದಲ್ಲಿ ಒಳಗಿನ ಮಣ್ಣು ಕಪ್ಪಾಗಿ ಕಾಣುತ್ತದೆ. ಬೆನ್ನಿನ ಮೇಲೆ ತೆವಳುವುದಿಲ್ಲ. ಹಿಂತುದಿಯನ್ನು ಫೋನಿನಲ್ಲಿ ಹತ್ತಿರದಿಂದ ತೆಗೆದು ದೊಡ್ಡದು ಮಾಡಿ ನೋಡಿ. ಮಲದ್ವಾರದ ಸೀಳು ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದಿದ್ದರೆ ಬೇರು ಹುಳುವಿನ ಬಳಗ. ಅಡ್ಡಗೆರೆಯಂತಿದ್ದರೆ ಕೊಂಬಿನ ದುಂಬಿಯ ಬಳಗ. ಅಲ್ಲಿಯ ಕೂದಲು-ಮುಳ್ಳುಗಳ ಸಾಲನ್ನು ನೋಡಿ ತಜ್ಞರು ಜಾತಿಯನ್ನೇ ಹೇಳುತ್ತಾರೆ. ಅಷ್ಟು ದೂರ ನಾವು ಹೋಗಬೇಕಾಗಿಲ್ಲ. ಆದರೆ ಆ ಫೋಟೊ ಒಂದಿದ್ದರೆ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರಿಗೆ ಉತ್ತರ ಹೇಳಲು ಸುಲಭ.

ಜಾಗವೂ ಒಂದು ಗುರುತು. ತಿಪ್ಪೆಯಲ್ಲಿ ಸಿಕ್ಕಿದ್ದನ್ನು ಅನುಮಾನಿಸಿ ನೋಡಿ. ಬಾಡಿದ ಗಿಡದ ಬುಡದಲ್ಲಿ, ತುಂಡಾದ ಬೇರಿನ ಪಕ್ಕದಲ್ಲೇ ಸಿಕ್ಕಿದ್ದನ್ನು ಅಪರಾಧಿ ಎನ್ನಿ.

ಇದು ನಮ್ಮೊಬ್ಬರ ಪಾಡಲ್ಲ

ಸೆರೇಟ ದುಂಬಿ ಕರ್ನಾಟಕ, ತಮಿಳುನಾಡು, ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಲ್ಲೆಲ್ಲ ಇದೆ. ಉತ್ತರದ ರಾಜಸ್ಥಾನ, ಗುಜರಾತಿನ ಮರಳು ಮಣ್ಣಿನಲ್ಲಿ ಇದರ ಸೋದರ ಜಾತಿ ಕನ್ಸಾಂಗ್ವಿನಿಯ ಕಡಲೆಕಾಯಿ ನುಂಗುತ್ತದೆ. ಮಲೆನಾಡು, ಕರಾವಳಿ, ಕಾಸರಗೋಡಿನ ಅಡಿಕೆ-ತೆಂಗಿನ ತೋಟಗಳಲ್ಲಿ ಲ್ಯೂಕೊಫೋಲಿಸ್ ಎಂಬ ಬೇರೆ ಬಳಗ. ಅದರ ಕೆಲವು ಜಾತಿಗಳಿಗೆ ಒಂದು ಸುತ್ತು ಮುಗಿಸಲು ಎರಡು ವರ್ಷ ಬೇಕು. ಹಾಗಾಗಿ ಶಿರಸಿಯ ಯೂಟ್ಯೂಬ್ ವಿಡಿಯೊ ನೋಡಿ ಹನೂರಿನ ಹೊಲಕ್ಕೆ ತಿಂಗಳು ಲೆಕ್ಕ ಹಾಕಬೇಡಿ.

ಯುರೋಪಿನಲ್ಲೂ ಇದೇ ಕುಟುಂಬದ ದುಂಬಿ ಇದೆ. ಮೇ ತಿಂಗಳಲ್ಲಿ ಏಳುವುದರಿಂದ ಅದಕ್ಕೆ "ಮೇ ದುಂಬಿ" ಎಂದೇ ಹೆಸರು. ಅದರ ಮರಿ ಮಣ್ಣಿನಲ್ಲಿ ಮೂರು-ನಾಲ್ಕು ವರ್ಷ ಇರುತ್ತದೆ. 1320ರಲ್ಲಿ ಫ್ರಾನ್ಸಿನ ಅವಿನ್ಯೋನ್ ಊರಿನಲ್ಲಿ ಈ ದುಂಬಿಗಳ ಮೇಲೆ ಕೋರ್ಟಿನಲ್ಲಿ ಕೇಸು ಹಾಕಿ, ಮೂರು ದಿನದಲ್ಲಿ ಊರು ಬಿಡಬೇಕೆಂದು ಆಜ್ಞೆ ಮಾಡಿದ್ದರಂತೆ. ದುಂಬಿಗಳು ಆಜ್ಞೆ ಪಾಲಿಸಲಿಲ್ಲ. ಕೊನೆಗೆ ಜನ ಕೈಯಲ್ಲೇ ಹಿಡಿದು ಕೊಂದರಂತೆ. ನಗಬೇಡಿ. ಸೆಪ್ಟೆಂಬರಿನಲ್ಲಿ ತಹಶೀಲ್ದಾರರಿಗೆ ಮನವಿ ಕೊಟ್ಟು ಫೋಟೊ ತೆಗೆಸಿಕೊಳ್ಳುವ ನಮಗೂ ಅವರಿಗೂ ದೊಡ್ಡ ವ್ಯತ್ಯಾಸವಿಲ್ಲ. ಅವರು ಕೊನೆಗಾದರೂ ಹಿಡಿದರು. ಜರ್ಮನಿಯಲ್ಲಿ 1911ರಲ್ಲಿ 18 ಚದರ ಕಿಲೋಮೀಟರ್ ಕಾಡಿನಿಂದ ಎರಡು ಕೋಟಿಗೂ ಹೆಚ್ಚು ದುಂಬಿ ಹಿಡಿದ ಲೆಕ್ಕವಿದೆ. ಆಗ ಈಗಿನಂಥ ಕೀಟನಾಶಕ ಇರಲಿಲ್ಲ. ಕೈ ಇತ್ತು, ಊರು ಇತ್ತು.

ನಮ್ಮ ದೇಶದಲ್ಲೂ ರಾಜಸ್ಥಾನ, ಗುಜರಾತಿನ ಕಡಲೆಕಾಯಿ ಸೀಮೆಯಲ್ಲಿ ಊರಿಗೆ ಊರೇ ಸೇರಿ ಮರದ ದುಂಬಿ ತೆಗೆಯುವ ಆಂದೋಲನ ನಡೆದಿದೆ. ಮಹಾರಾಷ್ಟ್ರದ ಕಬ್ಬಿನ ಸೀಮೆಯಲ್ಲಿ ಇದೇ ಹುಳುವಿಗೆ "ಹುಮಣಿ" ಎನ್ನುತ್ತಾರೆ. ಅಲ್ಲಿ ಕೆಲವು ಸಕ್ಕರೆ ಕಾರ್ಖಾನೆಗಳು ದುಂಬಿಯನ್ನು ಕೆ.ಜಿ. ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಂಡಿವೆ. ಕೊಳ್ಳೇಗಾಲ, ಯಳಂದೂರು ಕಡೆ ಕಬ್ಬು ಬೆಳೆಯುವವರು ತಮ್ಮ ಕಬ್ಬು ಕೊಳ್ಳುವವರನ್ನು ಈ ಪ್ರಶ್ನೆ ಕೇಳಬಾರದೇಕೆ?

ಹರಳು ವಿಷದ ಚೀಲ

ಈಗ ಅಂಗಡಿಯ ವಿಷಯಕ್ಕೆ ಬರೋಣ.

ಸೆಪ್ಟೆಂಬರಿನಲ್ಲಿ ಬಾಡಿದ ಗಿಡ ಹಿಡಿದು ಅಂಗಡಿಗೆ ಹೋದರೆ, ಕೇಳುವ ಮೊದಲೇ ಹರಳಿನ ಚೀಲ ಕೈಗೆ ಬರುತ್ತದೆ. ಬಹಳ ಕಾಲ ಆ ಹರಳು ಫೋರೇಟ್ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಅತ್ಯಂತ ಅಪಾಯಕಾರಿ ಎಂದು ಮೊದಲ ದರ್ಜೆಗೆ ಸೇರಿಸಿದ ವಿಷ ಅದು. ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿ, 2020ರ ಡಿಸೆಂಬರ್ 31ರಿಂದ ಫೋರೇಟ್ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ನಿಷೇಧಿಸಿತು. ಕಾರ್ಬೊಫ್ಯುರಾನ್‌ಗೂ 2023ರಲ್ಲಿ ಕಡಿವಾಣ ಬಿತ್ತು. ಶೇ 3ರ ಕವಚದ ಹರಳು ಒಂದನ್ನು ಬಿಟ್ಟು ಉಳಿದ ರೂಪಗಳೆಲ್ಲ ನಿಷಿದ್ಧ.

ಆದರೂ ಇಂದಿಗೂ "ಹಳೇ ಔಷಧಿ ಇದ್ರೆ ಕೊಡಿ, ಅದೇ ಚೆನ್ನಾಗಿ ಕೇಳ್ತಿತ್ತು" ಎನ್ನುವವರು ನಮ್ಮಲ್ಲಿದ್ದಾರೆ. ನಮ್ಮ ಮನೆಯಲ್ಲೇ ಇದ್ದರು. ಆ ಹರಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬರಿಗೈಯಲ್ಲಿ ಜೋಳದ ಸಾಲಿಗೆ ಉದುರಿಸಿದ ನಮ್ಮ ದೊಡ್ಡಮ್ಮ ಮಧ್ಯಾಹ್ನದ ಹೊತ್ತಿಗೆ ಬದುವಿನ ಮೇಲೆ ಕುಸಿದಿದ್ದರು. ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ವಾಂತಿ. ಬದುಕಿಕೊಂಡರು. ಆಸ್ಪತ್ರೆಯ ಖರ್ಚು ಆ ವರ್ಷದ ಜೋಳದ ದುಡ್ಡನ್ನು ನುಂಗಿತು. ಹುಳು ತಿಂದು ಬಿಟ್ಟ ಬೆಳೆಯನ್ನು ವಿಷ ತಿಂದಿತು.

ಇಷ್ಟೆಲ್ಲ ಮಾಡಿದ್ದಕ್ಕೆ ಹುಳು ಸತ್ತಿತೇ ಎಂದರೆ ಅದೂ ಇಲ್ಲ. ಸೆಪ್ಟೆಂಬರಿನ ಹುಳು ಮೂರನೆಯ ಹಂತದ್ದು. ಎಳೆ ಮರಿಗೆ ಸಾಕಾಗುವ ವಿಷ ಅದಕ್ಕೆ ಸಾಲುವುದಿಲ್ಲ. ಅದು ಬೇರಿನ ಆಳದಲ್ಲಿರುತ್ತದೆ, ಹರಳು ಮೇಲ್ಮಣ್ಣಿನಲ್ಲಿರುತ್ತದೆ. ಎದೆಯೆತ್ತರ ಬೆಳೆದ ಜೋಳದಲ್ಲಿ, ಕಬ್ಬಿನಲ್ಲಿ ಬುಡಕ್ಕೆ ಔಷಧಿ ಮುಟ್ಟಿಸುವುದೇ ಕಷ್ಟ. ಇನ್ನು ಕೆಲವು ವಾರಕ್ಕೆ ಆ ಹುಳು ತಾನಾಗಿಯೇ ತಿನ್ನುವುದು ನಿಲ್ಲಿಸಿ ಕೋಶವಾಗಲು ಆಳಕ್ಕಿಳಿಯುತ್ತದೆ. ಆಗ ನಾವು "ಔಷಧಿ ಕೇಳ್ತು" ಎಂದುಕೊಳ್ಳುತ್ತೇವೆ. ಕೇಳಿದ್ದು ಔಷಧಿಯಲ್ಲ. ಪಂಚಾಂಗ.

ಔಷಧಿ ಎನ್ನುವ ಮಾತಿನ ಮೇಲೂ ನಮಗೆ ಸಿಟ್ಟಿದೆ. 2018ರ ಡಿಸೆಂಬರ್ 14ರಂದು ನಮ್ಮ ಹನೂರಿನ ಸುಳ್ವಾಡಿಯ ಕಿಚ್‌ಗುತ್ತಿ ಮಾರಮ್ಮನ ಪ್ರಸಾದದಲ್ಲಿ ಬೆರೆತದ್ದು ಏನು? ಹೊಲಕ್ಕೆ ಹೊಡೆಯುವ ಮೊನೊಕ್ರೋಟೊಫಾಸ್. 17 ಜನ ಸತ್ತರು. ಅದು ಬೇಕೆಂದೇ ಮಾಡಿದ ಪಾತಕ, ಬೇರು ಹುಳುವಿಗೂ ಅದಕ್ಕೂ ಸಂಬಂಧವಿಲ್ಲ, ನಿಜ. ಆದರೆ ಫೋರೇಟ್ ಕೂಡ ಅದೇ ರಂಜಕ ವಿಷಗಳ ಕುಲದ್ದು. ಅಷ್ಟು ಸಾವು ಕಂಡ ನೆಲದಲ್ಲಿ ನಾವು ಇನ್ನೂ ಅಂಥ ಡಬ್ಬಿಯನ್ನು ಅಡುಗೆ ಮನೆ ಅಟ್ಟದ ಮೇಲೆ ಇಟ್ಟು "ಔಷಧಿ" ಎನ್ನುತ್ತಿದ್ದೇವೆ.

ಕೊಳ್ಳಲೇಬೇಕಾಗಿ ಬಂದರೆ ಬಿಲ್ ಕೇಳಿ. ಡಬ್ಬಿಯ ಮೇಲಿನ ಹೆಸರನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಬಿಲ್ ಕೊಡಲು ಹಿಂಜರಿದರೆ ಆ ಚೀಲ ನಿಮಗೆ ಬೇಡ.

ಜವಾಬ್ದಾರಿ ಯಾರದು?

ಅಂಗಡಿಯವರನ್ನು ಬೈದು ಮುಗಿಸುವುದು ಸುಲಭ. ಅವರು ವ್ಯಾಪಾರಿಗಳು, ಕೇಳಿದ್ದನ್ನು ಮಾರುತ್ತಾರೆ. ಕೇಳುವ ಹಾಗೆ ಮಾಡಿದವರಲ್ಲಿ ನಾವೂ ಇದ್ದೇವೆ.

ಕೃಷಿ ಇಲಾಖೆಯ ಮುಂಗಾರು ಸಿದ್ಧತೆ ಎಂದರೆ ಬಿತ್ತನೆ ಬೀಜ, ಗೊಬ್ಬರದ ದಾಸ್ತಾನು. ದುಂಬಿ ಏಳುವ ವಾರದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದ ಮುಂದೆ ಒಂದು ಬೋರ್ಡು, ಊರ ಮೈಕಿನಲ್ಲಿ ಒಂದು ಕೂಗು ಇದ್ದರೆ ಸಾಕಿತ್ತು. ಸರ್ಕಾರದ ಕೈಯಲ್ಲಿ 1968ರ ಕರ್ನಾಟಕ ಕೃಷಿ ಕೀಟ ಮತ್ತು ರೋಗಗಳ ಅಧಿನಿಯಮವೂ ಇದೆ. ಒಂದು ಪ್ರದೇಶದಲ್ಲಿ ಒಂದು ಕೀಟವನ್ನು ಘೋಷಿಸಿ ಎಲ್ಲರೂ ಸೇರಿ ಕ್ರಮ ಕೈಗೊಳ್ಳುವಂತೆ ಮಾಡಲು ಅದರಲ್ಲಿ ಅವಕಾಶವಿದೆ. ಆ ಕಾನೂನಿನ ಹೆಸರನ್ನು ನಮ್ಮ ಕಡೆಯ ಯಾವ ಸಭೆಯಲ್ಲೂ ನಾವು ಕೇಳಿಲ್ಲ.

ಪಂಚಾಯಿತಿಯವರಿಗೆ ಇದು ತಮ್ಮ ಕೆಲಸ ಎಂದೇ ಅನಿಸಿಲ್ಲ. ಆದರೆ ದುಂಬಿ ಕೂರುವ ಬೇವು ಎಲ್ಲಿದೆ ನೋಡಿ. ಶಾಲೆಯ ಅಂಗಳ, ಗುಡಿಯ ಮುಂದೆ, ಕೆರೆ ಏರಿ, ರಸ್ತೆ ಬದಿ. ಇವು ಯಾರ ಸ್ವಂತ ಜಮೀನೂ ಅಲ್ಲ. ನಿಮ್ಮ ಹೊಲದ ಹುಳು ಊರ ಮರದಲ್ಲಿ ಊಟ ಮಾಡಿ ನೆರೆಯವನ ಹೊಲದಲ್ಲಿ ಮೊಟ್ಟೆ ಇಡುತ್ತದೆ. ಒಬ್ಬರೇ ಹಿಡಿದರೆ ಅರ್ಧ ಲಾಭ, ಯಾರೂ ಹಿಡಿಯದಿದ್ದರೆ ಎಲ್ಲರಿಗೂ ಪೂರ್ತಿ ನಷ್ಟ. ಕೆರೆ ಹೂಳೆತ್ತಿದ ಹಾಗೆ, ಮಾರಿಹಬ್ಬಕ್ಕೆ ಊರು ಗುಡಿಸಿದ ಹಾಗೆ, ಇದು ಊರೊಟ್ಟಿನ ಕೆಲಸ.

ಇನ್ನು ನಾವು, ಪತ್ರಕರ್ತರು. ಒಣಗಿದ ಹೊಲಕ್ಕೆ ಫೋಟೊ ಇದೆ, ಕಣ್ಣೀರಿದೆ, ಆದ್ದರಿಂದ ಸುದ್ದಿ ಇದೆ. ಬೇವಿನ ಎಲೆಯ ತೂತಿಗೆ ಏನಿದೆ? ಹೀಗೆ ಯೋಚಿಸಿಯೇ ನಾವು ಮೇ ತಿಂಗಳಲ್ಲಿ ಸುಮ್ಮನಿದ್ದೆವು. ನಮಗೆ ಸುದ್ದಿ ಎಂದರೆ ಆದ ನಷ್ಟ. ರೈತರಿಗೆ ಬೇಕಾದದ್ದು ಆಗಲಿರುವ ನಷ್ಟದ ಸುದ್ದಿ.

"ಅದ್ಯಾರ್ ಹಿಡ್ದಾರು ಕಣಪ್ಪ?"

ಈ ಮಾತು ಎತ್ತಿದಾಗಲೆಲ್ಲ ಜಗಲಿಯ ಮೇಲೆ ನಾಲ್ಕು ಪ್ರಶ್ನೆ ಬರುತ್ತವೆ. ನಾಲ್ಕೂ ನ್ಯಾಯವಾದವೇ.

"ಬೇವಿನ ಮರ ಕಡಿದ್ರೆ ಆಯ್ತಲ್ಲ?" ಬೇಡ. ಬೇವು ಕಡಿದರೆ ದುಂಬಿ ಜಾಲಿಗೆ ಹೋಗುತ್ತದೆ, ಎಲಚಿಗೆ ಹೋಗುತ್ತದೆ. ಊರ ತುಂಬ ಚದುರಿದ ದುಂಬಿಯನ್ನು ಒಂದೇ ಕಡೆ ಕೂಡಿಸಿ ಕೊಡುತ್ತಿರುವುದೇ ಆ ಮರ. ಬೇಕಿದ್ದರೆ ಕೈಗೆಟಕದ ಕೊಂಬೆ ಸವರಿ, ಅಲ್ಲಾಡಿಸಲು ಆಗುವಷ್ಟು ಉಳಿಸಿಕೊಳ್ಳಿ. ಮರಕ್ಕೆ ವಿಷ ಹೊಡೆಯುವ ಸಲಹೆಯನ್ನೂ ಕೆಲವರು ಕೊಡುತ್ತಾರೆ. ನಮ್ಮಲ್ಲಿ ಆಡಿಗೆ ಸೊಪ್ಪು ಮುರಿಯುವುದು ಅದೇ ಮರದಿಂದ, ಮಕ್ಕಳು ಆಡುವುದು ಅದರ ಕೆಳಗೇ. ತಜ್ಞರನ್ನು ಕೇಳದೆ, ಊರಿಗೆ ಸಾರದೆ ಅದನ್ನು ಮಾಡಲೇಬೇಡಿ.

"ಕಾಡಿಂದ ಹಾರಿ ಬರಲ್ವಾ?" ಮಲೆ ಮಹದೇಶ್ವರ ಬೆಟ್ಟದ ಕಾಡಿನ ಅಂಚಿನಲ್ಲಿರುವವರಿಗೆ ಈ ಅನುಮಾನ ಸಹಜ. ಒಂದಷ್ಟು ಬರಬಹುದು. ಆದರೆ ಈ ದುಂಬಿ ಮಿಡತೆಯಂತೆ ದೂರ ಪ್ರಯಾಣ ಮಾಡುವುದಿಲ್ಲ. ಎದ್ದ ಜಾಗಕ್ಕೆ ಹತ್ತಿರದ ಮರ ಹುಡುಕುತ್ತದೆ. ನಿಮ್ಮ ಹೊಲದ ಹುಳುವಿನಲ್ಲಿ ಹೆಚ್ಚಿನ ಪಾಲು ನಿಮ್ಮೂರಲ್ಲೇ ಹುಟ್ಟಿದ್ದು.

"ರಾತ್ರಿ ಆನೆ ಕಾಟ, ಹಾವಿನ ಕಾಟ." ಇದು ನಿಜವಾದ ಭಯ. ಅದಕ್ಕೆ ನಮ್ಮ ಉತ್ತರ: ಕಾಡಂಚಿನ ಹೊಲಕ್ಕೆ ಕತ್ತಲಲ್ಲಿ ಹೋಗಬೇಡಿ. ಊರೊಳಗಿನ, ಶಾಲೆ ಮುಂದಿನ, ರಸ್ತೆ ಬದಿಯ ಮರ ಸಾಕು. ಕಾಲಿಗೆ ಶೂ, ಕೈಯಲ್ಲಿ ಟಾರ್ಚು, ನಾಲ್ಕೈದು ಜನರ ಗುಂಪು. ದುಂಬಿಗಾಗಿ ಯಾರ ಜೀವವೂ ಹೋಗಬಾರದು.

"ಕೂಲಿ ಯಾರು ಕೊಡ್ತಾರೆ?" ಕೆಲಸ ಇರುವುದು ಸಂಜೆ ಏಳೂವರೆಯಿಂದ ಒಂಬತ್ತರವರೆಗೆ, ಒಳ್ಳೆಯ ಮಳೆಯಾದ ಮೇಲೆ ಕೆಲವು ದಿನ. ಸೆಪ್ಟೆಂಬರಿನಲ್ಲಿ ಎಕರೆಗೆ ನೀವು ಸುರಿಯುವ ದುಡ್ಡನ್ನು ನೆನೆಯಿರಿ. ಸ್ವಸಹಾಯ ಸಂಘ, ಯುವಕರ ಸಂಘ, ಹಾಲಿನ ಡೇರಿ ಯಾವುದಾದರೂ ಒಂದು ಮುಂದೆ ಬಂದರೆ ಸಾಕು. ಹೆಚ್ಚು ಹಿಡಿದ ಹುಡುಗರಿಗೆ ಒಂದು ಕ್ರಿಕೆಟ್ ಬ್ಯಾಟು ಇಟ್ಟು ನೋಡಿ.

ಈ ಮೇ ತಿಂಗಳಲ್ಲಿ

ಬೇಸಿಗೆಯಲ್ಲಿ, ಮಳೆಗೆ ಮುಂಚೆ ಊರ ಬೇವು, ಜಾಲಿ, ಎಲಚಿ ಮರಗಳನ್ನು ಎಣಿಸಿ ಇಟ್ಟುಕೊಳ್ಳಿ. ಯಾವ ಮರ ಯಾವ ಬೀದಿಯವರದ್ದು ಎಂದು ಹಂಚಿಕೊಳ್ಳಿ.

ಮೊದಲ ಒಳ್ಳೆಯ ಮಳೆಯಾದ ದಿನವೇ ವಾಟ್ಸ್ಆ್ಯಪ್ ಗುಂಪಿಗೆ ಸುದ್ದಿ ಹಾಕಿ. ಆ ಸಂಜೆಯಿಂದಲೇ ನೋಡಿ. ಮೊಟ್ಟೆ ಇಡುವ ಮುಂಚೆ ಹಿಡಿಯುವುದರಲ್ಲೇ ಎಲ್ಲ ಇದೆ. ಹದಿನೈದು ದಿನ ಬಿಟ್ಟು ಹಿಡಿದರೆ ಖಾಲಿ ಹೊಟ್ಟೆಯ ದುಂಬಿ ಹಿಡಿದಂತೆ.

ಮರದ ಕೆಳಗೆ ಹಳೆ ಸೀರೆ, ಟಾರ್ಪಾಲು ಹಾಸಿ. ಉದ್ದ ಗಳುವಿಗೆ ಕೊಕ್ಕೆ ಕಟ್ಟಿ ಕೊಂಬೆ ಜಾಡಿಸಿ. ಬಿದ್ದದ್ದನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಸೀಮೆಎಣ್ಣೆ ಸಿಗದಿದ್ದರೆ ಸೋಪಿನ ನೀರು. ಮರವಿಲ್ಲದ ಕಡೆ ಒಂದು ಬಲ್ಬು, ಅದರ ಕೆಳಗೆ ನೀರಿನ ಟಬ್ಬು ಇಡಿ. ಒಂಬತ್ತರ ನಂತರ ಆರಿಸಿ, ರಾತ್ರಿಯೆಲ್ಲ ಉರಿಸಿದರೆ ಬೇಡದ ಒಳ್ಳೆಯ ಹುಳುಗಳೂ ಸಾಯುತ್ತವೆ. ಸಗಣಿ ಉಂಡೆ ಉರುಳಿಸುವ ದುಂಬಿ ಸಿಕ್ಕರೆ ಬಿಟ್ಟುಬಿಡಿ. ಅದು ನಮ್ಮ ಕಡೆಯದು.

ಹಸಿ ಸಗಣಿ, ಅರೆ ಕೊಳೆತ ಗೊಬ್ಬರ ಹೊಲಕ್ಕೆ ಹಾಕಬೇಡಿ. ಪೂರ್ತಿ ಕಳಿತ ಗೊಬ್ಬರವೇ ಇರಲಿ.

ಜೂನ್, ಜುಲೈನಲ್ಲಿ ಮರಿ ಎಳೆಯದಿರುವಾಗ, ಮಣ್ಣು ಹಸಿಯಿರುವಾಗ ಮೆಟರೈಝಿಯಂ ಎಂಬ ಶಿಲೀಂಧ್ರವನ್ನು ಕಳಿತ ಗೊಬ್ಬರಕ್ಕೆ ಬೆರೆಸಿ ಹಾಕಬಹುದು. ಹುಳುವಿಗೆ ರೋಗ ತರುವ ಬೂಸ್ಟು ಅದು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಹುಳುವಿನ ಮೈಯೊಳಗೆ ಹೊಕ್ಕು ಕೊಲ್ಲುವ ಸೂಕ್ಷ್ಮ ಜಂತುವಿನ ಪುಡಿಯನ್ನೂ ತಯಾರಿಸಿದೆ. ಯಾವುದು, ಎಷ್ಟು ಎಂಬುದನ್ನು ಹರದನಹಳ್ಳಿಯ ಕೇಂದ್ರದಲ್ಲೋ, ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿಯೋ ಕೇಳಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕೊಯ್ಲಾದ ಮೇಲೆ ಹೊಲ ಹಾಗೇ ಬಿಡಬೇಡಿ. ಆಳವಾಗಿ ಉತ್ತರೆ ಕೋಶ, ದುಂಬಿ ಎಲ್ಲ ಮೇಲೆ ಬರುತ್ತವೆ. ನೇಗಿಲ ಹಿಂದೆ ಬರುವ ಬೆಳ್ಳಕ್ಕಿ, ಕಾಗೆ, ಗೊರವಂಕ ಕೂಲಿ ಕೇಳದೆ ಆರಿಸುತ್ತವೆ. ಬೆಳಗಿನ ಹೊತ್ತು ಉಳಿ, ಹಕ್ಕಿ ಇರುವಾಗ. ಕಾಡುಹಂದಿ ನಿಮ್ಮ ಹೊಲದ ಒಂದು ಮೂಲೆಯನ್ನೇ ಮತ್ತೆ ಮತ್ತೆ ತೋಡುತ್ತಿದ್ದರೆ ಬೈಯುವ ಮೊದಲು ಅಲ್ಲಿ ಒಂದು ಗುದ್ದಲಿ ಹಾಕಿ ನೋಡಿ. ಅದು ಹುಡುಕುತ್ತಿರುವುದು ಈ ಹುಳುವನ್ನೇ ಇರಬಹುದು.

ಒಂದೇ ವರ್ಷಕ್ಕೆ ಹುಳು ನಿರ್ನಾಮವಾಗುತ್ತದೆ ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರು ಏನನ್ನೋ ಮಾರಲು ಬಂದವರು. ಎರಡು-ಮೂರು ವರ್ಷ ಬಿಡದೆ ಹಿಡಿಯಬೇಕು. ಮೊದಲ ವರ್ಷ ಎಷ್ಟು ಬುಟ್ಟಿ ಸಿಕ್ಕಿತು, ಮರುವರ್ಷ ಎಷ್ಟು ಎಂದು ಬರೆದಿಡಿ. ಆ ಲೆಕ್ಕವೇ ನಿಮ್ಮ ಊರಿನ ವರದಿ.

ನಮ್ಮ ಪಾಲಿನ ಕೆಲಸವನ್ನು ನಾವು ಇಲ್ಲೇ ಹೇಳಿಬಿಡುತ್ತೇವೆ. ಇನ್ನು ಮುಂದೆ ಮೊದಲ ಮಳೆಯ ವಾರದಲ್ಲೇ ಈ ಸುದ್ದಿ ಬರೆಯುತ್ತೇವೆ. ಬೇವಿನ ಎಲೆಯ ತೂತಿನ ಫೋಟೊ ಕಳಿಸಿ, ಜೊತೆಗೆ ಊರ ಹೆಸರು, ಮಳೆ ಬಿದ್ದ ದಿನ ಬರೆಯಿರಿ. ಸೆಪ್ಟೆಂಬರಿನಲ್ಲಿ ಬಾಡಿದ ಹೊಲದ ಫೋಟೊ ಬಂದರೆ ಅದನ್ನೂ ಹಾಕುತ್ತೇವೆ. ಆದರೆ ಕೆಳಗೆ ಒಂದು ಪ್ರಶ್ನೆ ಸೇರಿಸುತ್ತೇವೆ: ಈ ಊರಲ್ಲಿ ಮೇ ತಿಂಗಳಲ್ಲಿ ಮರ ಜಾಡಿಸಿದ್ದರೇ? ಇಲ್ಲ ಎಂದಾದರೆ ಊರವರನ್ನೂ, ಪಂಚಾಯಿತಿಯನ್ನೂ, ಇಲಾಖೆಯನ್ನೂ, ನಮ್ಮನ್ನೂ ಸೇರಿಸಿಯೇ ಕಾರಣ ಕೇಳುತ್ತೇವೆ.